ಹೊಸ ಬೋಲ್ಟ್ ಆ್ಯಕ್ಷನ್ ರೈಫಲ್: ರೇಂಜಿನಲ್ಲಿ ಮೊದಲ ದಿನ ನೋಡಬೇಕಾದ್ದು

ಹೊಸ ಪ್ರಿಸಿಷನ್ ರೈಫಲ್ ಕೈಗೆ ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಗ್ರೂಪ್ (ಒಂದೇ ಗುರಿಗೆ ಹೊಡೆದ ಗುಂಡುಗಳ ಚದುರುವಿಕೆ) ಎಷ್ಟು ಬಂತು? ಮೊದಲ ದಿನ ಆ ಪ್ರಶ್ನೆಗೆ ಸಿಗುವ ಉತ್ತರವನ್ನು ಅಷ್ಟಾಗಿ ನಂಬುವ ಹಾಗಿಲ್ಲ. ಮೂರು ಗುಂಡು ಒಂದೇ ತೂತಿನಲ್ಲಿ ಹೋದರೂ ಅಷ್ಟೇ, ಅಂಗೈಯಗಲ ಚದುರಿದರೂ ಅಷ್ಟೇ. ಆ ದಿನ ಖಚಿತವಾಗಿ ತಿಳಿದುಕೊಳ್ಳಬಹುದಾದ ಸಂಗತಿಗಳೇ ಬೇರೆ. ಬೋಲ್ಟ್ (ಕೈಯಿಂದ ಹಿಂದೆ ಮುಂದೆ ಎಳೆಯುವ, ಬ್ಯಾರೆಲ್ಲಿನ ಹಿಂತುದಿ ಮುಚ್ಚುವ ಉಕ್ಕಿನ ದಂಡ) ಹೇಗೆ ಓಡುತ್ತದೆ, ಟ್ರಿಗರ್ ಪ್ರತಿ ಸಲವೂ ಒಂದೇ ಒತ್ತಡಕ್ಕೆ ಬಿಡುತ್ತದೆಯೇ, ಮ್ಯಾಗಜೀನಿನಿಂದ ಕಾಡತೂಸು ಸಲೀಸಾಗಿ ಚೇಂಬರಿಗೆ (ಬ್ಯಾರೆಲ್ಲಿನ ಹಿಂತುದಿಯಲ್ಲಿ ಕಾಡತೂಸು ಕೂರುವ ಗೂಡಿಗೆ) ಹೋಗುತ್ತದೆಯೇ, ಸ್ಕೋಪ್ ನಾವು ತಿರುಗಿಸಿದಷ್ಟೇ ಸರಿಯುತ್ತದೆಯೇ, ಸ್ಕ್ರೂಗಳು ಕೂತಲ್ಲೇ ಕೂತಿವೆಯೇ. ಇವೆಲ್ಲ ಸರಿಯಿದ್ದರೆ ಬ್ಯಾರೆಲ್ಲಿನ ನಿಜವಾದ ಸಾಮರ್ಥ್ಯ ಮುಂದಿನ ಕೆಲವು ದಿನಗಳಲ್ಲಿ ಗೊತ್ತಾಗುತ್ತದೆ. ಒಂದು ಸಡಿಲವಿದ್ದರೂ ಎಂಥ ಬ್ಯಾರೆಲ್ ಇದ್ದೂ ಪ್ರಯೋಜನವಿಲ್ಲ.

ಇಲ್ಲಿ ಹೇಳಿರುವುದು .308 ವಿಂಚೆಸ್ಟರ್, 6.5 ಕ್ರೀಡ್‌ಮೋರ್, .223 ರೆಮಿಂಗ್ಟನ್ ತರಹದ, ಕಾಡತೂಸಿನ ತಳದ ನಡುವಿಗೆ ಪಿನ್ ಬಡಿಯುವ ಸೆಂಟರ್‌ಫೈರ್ ರೈಫಲ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು, 100 ಮೀಟರ್ ರೇಂಜಿಗೆ. ಪರವಾನಗಿ ಮತ್ತು ರೇಂಜಿನ ನಿಯಮಗಳು ಎಲ್ಲಕ್ಕಿಂತ ಮೊದಲು. ಅಲ್ಲಿನ ಅಧಿಕಾರಿಯ ಮಾತಿಗೂ ಕೆಳಗಿನ ಕ್ರಮಕ್ಕೂ ತಾಳೆಯಾಗದಿದ್ದರೆ ಅಧಿಕಾರಿಯ ಮಾತೇ ಅಂತಿಮ.

ಹೊರಡುವ ಮೊದಲು ಮನೆಯಲ್ಲಿ

ಕಾಡತೂಸುಗಳೆಲ್ಲ ಬೇರೆ ಕೋಣೆಯಲ್ಲಿರಲಿ. ಮ್ಯಾಗಜೀನ್ ತೆಗೆಯಿರಿ, ಬೋಲ್ಟನ್ನು ಪೂರ್ತಿ ಹಿಂದಕ್ಕೆಳೆಯಿರಿ, ಚೇಂಬರ್ ಖಾಲಿಯಿದೆಯೆಂದು ಕಣ್ಣಿನಲ್ಲಿ ನೋಡಿ, ಕಿರುಬೆರಳು ಹಾಕಿಯೂ ನೋಡಿ. ಆಮೇಲೆ ಬೋಲ್ಟನ್ನು ಹೊರಗೆ ತೆಗೆದು ಬ್ಯಾರೆಲ್ಲಿನ ಮೂಲಕ ಬೆಳಕಿನ ಕಡೆ ನೋಡಿ. ಕಾರ್ಖಾನೆಯಿಂದ ಬರುವ ರೈಫಲ್ಲಿನ ಬ್ಯಾರೆಲ್ ಒಳಗೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿರುತ್ತಾರೆ. ಅದರ ಮೇಲೆಯೇ ಗುಂಡು ಹಾರಿಸಿದರೆ ಮೊದಲ ಗುಂಡುಗಳು ಎಲ್ಲೆಲ್ಲೋ ಬೀಳುತ್ತವೆ, ಒತ್ತಡವೂ ಏರಬಹುದು. ಬೋರ್ ಗೈಡ್ (ಕ್ಲೀನಿಂಗ್ ರಾಡನ್ನು ನೇರ ಇಡುವ ಕೊಳವೆ) ಹಾಕಿ, ಚೇಂಬರ್ ಕಡೆಯಿಂದ ಮೂತಿಯ ಕಡೆಗೆ ಸಾಲ್ವೆಂಟ್ ಹಚ್ಚಿದ ಬಟ್ಟೆ ಓಡಿಸಿ, ನಂತರ ಬಟ್ಟೆ ಒಣಗಿದ್ದು ಒಣಗಿದ್ದಂತೆಯೇ ಹೊರಬರುವವರೆಗೂ ಒಣ ಬಟ್ಟೆ ಓಡಿಸಿ. ಚೇಂಬರನ್ನು ಪ್ರತ್ಯೇಕವಾಗಿ ಒರೆಸಬೇಕು. ಗುಂಡು ಹಾರುವಾಗ ಹಿತ್ತಾಳೆ ಕೇಸ್ ಹಿಗ್ಗಿ ಚೇಂಬರಿನ ಗೋಡೆಯನ್ನು ಕಚ್ಚಿಕೊಳ್ಳುತ್ತದೆ. ಗೋಡೆಗೆ ಎಣ್ಣೆಯಿದ್ದರೆ ಆ ಹಿಡಿತ ತಪ್ಪಿ, ಹಿಂದಕ್ಕೆ ಬರುವ ಹೊಡೆತದ ಹೆಚ್ಚಿನ ಪಾಲು ಬೋಲ್ಟಿನ ಮೇಲೆ ಬೀಳುತ್ತದೆ. ಗ್ರೀಸ್ ಬೇಕಾದ್ದು ಬೋಲ್ಟ್ ಲಗ್ಗುಗಳ (ಮುಚ್ಚಿದ ಬೋಲ್ಟನ್ನು ಕಚ್ಚಿ ಹಿಡಿಯುವ ಚಾಚುಗಳ) ಹಿಂಭಾಗಕ್ಕೆ ಮತ್ತು ಬೋಲ್ಟ್ ಹಿಡಿ ಎತ್ತುವಾಗ ಉಜ್ಜಿಕೊಳ್ಳುವ ಕಾಕಿಂಗ್ ಇಳಿಜಾರಿಗೆ, ಅದೂ ತೆಳುವಾಗಿ ಸವರಿದಷ್ಟು ಮಾತ್ರ.

ಬ್ಯಾರೆಲ್ ಮೇಲೆ ಕೆತ್ತಿರುವ ಕ್ಯಾಲಿಬರ್ ಹೆಸರನ್ನೂ ಕಾಡತೂಸಿನ ತಳದಲ್ಲಿ ಒತ್ತಿರುವ ಹೆಸರನ್ನೂ ಪಕ್ಕಪಕ್ಕ ಇಟ್ಟು ಓದಿ. ಎರಡು ಮೂರು ರೈಫಲ್ ಇರುವವರು ಇದನ್ನು ಎಂದೂ ಬಿಡಬಾರದು. .300 ಬ್ಲ್ಯಾಕೌಟ್ ಕಾಡತೂಸು .223 ಚೇಂಬರಿನಲ್ಲಿ ಕೂತು ಬೋಲ್ಟ್ ಮುಚ್ಚಿಕೊಳ್ಳುವ ಸಾಧ್ಯತೆಯಿದೆ. 7.8 ಮಿ.ಮೀ. ಗುಂಡು 5.7 ಮಿ.ಮೀ. ಬ್ಯಾರೆಲ್ಲಿಗೆ ನುಗ್ಗಲು ಹೋದರೆ ರೈಫಲ್ ಸಿಡಿಯುತ್ತದೆ. ಮುಖ ಇರುವುದು ಅದರ ಹಿಂದೆಯೇ.

ಟ್ರಿಗರ್ ಮತ್ತು ಸೇಫ್ಟಿ ಪರೀಕ್ಷೆ ಖಾಲಿ ರೈಫಲ್ಲಿನಲ್ಲಿ ಮನೆಯಲ್ಲೇ ಮುಗಿಯಬೇಕು. ಬೋಲ್ಟ್ ಮುಚ್ಚಿ, ಸೇಫ್ಟಿ ಹಾಕಿ, ಟ್ರಿಗರನ್ನು ಬಲವಾಗಿ ಒತ್ತಿ ಬಿಡಿ. ಈಗ ಬೆರಳನ್ನು ಟ್ರಿಗರಿನಿಂದ ದೂರವಿಟ್ಟು ಸೇಫ್ಟಿ ತೆಗೆಯಿರಿ. ಏನೂ ಆಗಬಾರದು. ಪಿನ್ ಬಿದ್ದ ಸದ್ದು ಬಂದರೆ ಆ ರೈಫಲ್ ರೇಂಜಿಗೆ ಹೋಗುವುದು ಬೇಡ. ಮುಂದೆ, ಬೋಲ್ಟನ್ನು ಜೋರಾಗಿ ಹತ್ತು ಹದಿನೈದು ಸಲ ಮುಚ್ಚಿ ತೆರೆಯಿರಿ. ಬೋಲ್ಟ್ ಮುಚ್ಚಿ ಸೇಫ್ಟಿ ತೆಗೆದು, ದಪ್ಪ ರಬ್ಬರ್ ಮ್ಯಾಟಿನ ಮೇಲೆ ಸ್ಟಾಕಿನ (ಭುಜಕ್ಕೆ ಆನಿಸುವ ಹಿಡಿಯ) ಹಿಂಭಾಗವನ್ನು ನಾಲ್ಕೈದು ಸಲ ಕುಟ್ಟಿ. ಟ್ರಿಗರ್ ತಾನಾಗಿ ಬಿಟ್ಟುಕೊಂಡರೆ ಅದರ ಹಿಡಿತ ಸಾಲದು ಎಂದರ್ಥ. ಟ್ರಿಗರನ್ನು ತೀರಾ ಹಗುರ ಮಾಡಿಕೊಂಡಾಗ ಇದು ಹೆಚ್ಚಾಗಿ ಕಾಣುತ್ತದೆ. ಹೊಸ ರೈಫಲ್ಲಿಗೆ 700 ಗ್ರಾಮಿನಿಂದ 1.2 ಕಿಲೋ ಒತ್ತಡ ಸಾಕು. ಅದಕ್ಕಿಂತ ಹಗುರ ಮಾಡಿಕೊಳ್ಳುವ ಆತುರ ಮೊದಲ ತಿಂಗಳಿನಲ್ಲಿ ಬೇಡ. ಖಾಲಿ ಹೊಡೆತದ (ಗುಂಡಿಲ್ಲದೆ ಟ್ರಿಗರ್ ಒತ್ತುವ) ಅಭ್ಯಾಸವನ್ನು ಇಂದಿನ ಹೆಚ್ಚಿನ ಸೆಂಟರ್‌ಫೈರ್ ರೈಫಲ್‌ಗಳು ತಾಳಿಕೊಳ್ಳುತ್ತವೆ. ರಿಮ್‌ಫೈರ್ (ಪಿನ್ ತಳದ ಅಂಚಿಗೆ ಬಡಿಯುವ ಬಗೆ) ಆದರೆ ಪಿನ್ ಹೋಗಿ ಚೇಂಬರಿನ ಅಂಚಿಗೆ ಬಡಿಯುವ ಸಂಭವವಿದೆ, ಕೈಪಿಡಿ ನೋಡದೆ ಮಾಡಬೇಡಿ.

ಬ್ಯಾರೆಲ್ಲಿಗೂ ಸ್ಟಾಕಿಗೂ ನಡುವೆ ಒಂದು ಕಾಗದದ ಪಟ್ಟಿ ತೂರಿಸಿ, ರಿಕಾಯ್ಲ್ ಲಗ್ಗಿನ (ಒದೆತವನ್ನು ಸ್ಟಾಕಿಗೆ ದಾಟಿಸುವ, ಬ್ಯಾರೆಲ್ ಬುಡದ ಚಾಚಿನ) ಹತ್ತಿರದವರೆಗೆ ಎಳೆಯಿರಿ. ನಡುವೆ ಎಲ್ಲೂ ಸಿಕ್ಕಿಕೊಳ್ಳಬಾರದು. ಬೈಪಾಡ್ (ಮುಂದಿನ ಎರಡು ಕಾಲಿನ ಆನಿಕೆ) ಮೇಲೆ ಭಾರ ಹಾಕಿ ಮತ್ತೊಮ್ಮೆ ಎಳೆದು ನೋಡಿ. ತೆಳು ಪ್ಲಾಸ್ಟಿಕ್ ಸ್ಟಾಕುಗಳು ಸುಮ್ಮನಿದ್ದಾಗ ಬ್ಯಾರೆಲ್ ಮುಟ್ಟದೆ, ಭಾರ ಬಿದ್ದಾಗ ಬಾಗಿ ಮುಟ್ಟುತ್ತವೆ. ಆ್ಯಕ್ಷನ್ ಸ್ಕ್ರೂಗಳ (ಬೋಲ್ಟ್ ಓಡುವ ಮುಖ್ಯ ಭಾಗವಾದ ಆ್ಯಕ್ಷನನ್ನು ಸ್ಟಾಕಿಗೆ ಕಟ್ಟುವ ಸ್ಕ್ರೂಗಳ) ಬಿಗಿ ತಯಾರಕರು ಹೇಳಿದಷ್ಟೇ ಇರಲಿ. ಅಲ್ಯೂಮಿನಿಯಂ ಚಾಸಿಗೆ (ಲೋಹದ ಸ್ಟಾಕಿಗೆ) 65 ಇಂಚ್-ಪೌಂಡ್, ಅಂದರೆ 7.3 ನ್ಯೂಟನ್ ಮೀಟರ್ ಹತ್ತಿರ ಹೇಳುವುದು ಸಾಮಾನ್ಯ. ಸಾದಾ ಸ್ಟಾಕುಗಳಿಗೆ ಅದಕ್ಕಿಂತ ಕಡಿಮೆ. ಬೆಡ್ಡಿಂಗ್ (ಆ್ಯಕ್ಷನ್ ಸ್ಟಾಕಿನಲ್ಲಿ ಕೂತ ರೀತಿ) ಸರಿಯಿದೆಯೇ ತಿಳಿಯಲು ಒಂದು ಸುಲಭ ಉಪಾಯವಿದೆ. ಸ್ಟಾಕಿನ ತುದಿಯೂ ಬ್ಯಾರೆಲ್ಲೂ ಸೇರುವ ಕಡೆ ಎರಡನ್ನೂ ಮುಟ್ಟುವಂತೆ ಬೆರಳಿಟ್ಟು, ಮುಂದಿನ ಆ್ಯಕ್ಷನ್ ಸ್ಕ್ರೂವನ್ನು ನಿಧಾನವಾಗಿ ಸಡಿಲಿಸಿ. ಬೆರಳಿಗೆ ಚಲನೆ ಗೊತ್ತಾದರೆ, ಸ್ಕ್ರೂ ಬಿಗಿದಾಗ ಆ್ಯಕ್ಷನ್ ಬಾಗುತ್ತಿದೆ. ಏನೂ ಗೊತ್ತಾಗದಿದ್ದರೆ ಒಳ್ಳೆಯದು, ಮತ್ತೆ ಅಷ್ಟೇ ಬಿಗಿಯಿರಿ.

ಸ್ಕೋಪ್ ಕೂರಿಸುವುದು

ಹೊಸ ರೈಫಲ್ ಕೆಟ್ಟದ್ದೆಂದು ಹೆಸರು ಹೊರುವುದು ಹೆಚ್ಚಾಗಿ ಇಲ್ಲಿ ಆದ ಅವಸರದಿಂದ. ಹಾಗಾಗಿ ಈ ಕೆಲಸಕ್ಕೆ ಒಂದು ಸಂಜೆಯನ್ನೇ ಕೊಡಿ.

ರೇಲ್ (ಸ್ಕೋಪ್ ಕೂರಿಸುವ ಕಚ್ಚುಗಳ ಪಟ್ಟಿ) ಕಾರ್ಖಾನೆಯಲ್ಲೇ ಹಾಕಿ ಬಂದಿದ್ದರೂ ಅದರ ಸ್ಕ್ರೂಗಳನ್ನು ಒಮ್ಮೆ ಟಾರ್ಕ್ ರೆಂಚಿನಲ್ಲಿ ಪರೀಕ್ಷಿಸಿ. ಸ್ಕೋಪ್ ಹಿಡಿಯುವ ರಿಂಗ್ ಅಥವಾ ಮೌಂಟನ್ನು ಆ (ಪಿಕಟಿನಿ) ರೇಲಿನ ಮೇಲಿಟ್ಟು, ಮೂತಿಯ ಕಡೆಗೆ ಒತ್ತಿ ಹಿಡಿದು, ಅಡ್ಡ ಬೋಲ್ಟ್ ಬಿಗಿಯಿರಿ. ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಬರುತ್ತದೆ, ಸ್ಕೋಪ್ ಇದ್ದಲ್ಲೇ ಇರಲು ನೋಡುತ್ತದೆ, ಅಂದರೆ ರೇಲಿನ ಲೆಕ್ಕದಲ್ಲಿ ಮುಂದಕ್ಕೆ ಜಾರಲು ನೋಡುತ್ತದೆ. ಮೊದಲೇ ಮುಂದಿನ ಗೋಡೆಗೆ ಆನಿಸಿದ್ದರೆ ಜಾರಲು ಜಾಗವಿರುವುದಿಲ್ಲ. ಅಡ್ಡ ಬೋಲ್ಟಿಗೆ ಮೌಂಟ್ ತಯಾರಕರು ಕೊಡುವ ಅಂಕಿ ಸಾಮಾನ್ಯವಾಗಿ 45ರಿಂದ 65 ಇಂಚ್-ಪೌಂಡ್. ರಿಂಗಿನ ಮೇಲ್ಮುಚ್ಚಳದ ಸ್ಕ್ರೂಗಳಿಗೆ 15ರಿಂದ 18 ಇಂಚ್-ಪೌಂಡ್, ಅಂದರೆ ಸುಮಾರು 2 ನ್ಯೂಟನ್ ಮೀಟರ್ ಮಾತ್ರ. ಅದಕ್ಕಿಂತ ಹೆಚ್ಚು ಬಿಗಿದರೆ ಸ್ಕೋಪಿನ ಕೊಳವೆ ಅದುಮಿಕೊಂಡು, ಒಳಗಿನ ಚಲಿಸುವ ಭಾಗ ಸಿಕ್ಕಿಕೊಳ್ಳುತ್ತದೆ. ಆಮೇಲೆ ಟರೆಟ್ (ಗುರಿ ತಿದ್ದುವ ಗುಂಡಿ) ತಿರುಗಿಸಿದರೂ ರೆಟಿಕಲ್ (ಸ್ಕೋಪಿನೊಳಗಿನ ಗುರಿಗೆರೆ) ಸರಿಯಾಗಿ ಸರಿಯುವುದಿಲ್ಲ. ಎಡ ಬಲ ಸ್ಕ್ರೂಗಳನ್ನು ಅದಲು ಬದಲಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ, ಎರಡು ಕಡೆಯ ಸಂದು ಸಮ ಇರುವಂತೆ ನೋಡಿಕೊಳ್ಳಿ.

ಪೂರ್ತಿ ಬಿಗಿಯುವ ಮೊದಲು ಎರಡು ಕೆಲಸ. ಒಂದು, ಕಣ್ಣಿನ ದೂರ. ಝೂಮನ್ನು ಗರಿಷ್ಠಕ್ಕೆ ಇಟ್ಟು, ನೀವು ನಿಜವಾಗಿ ಹೊಡೆಯುವ ಭಂಗಿಯಲ್ಲಿ ಮಲಗಿ ಅಥವಾ ಕೂತು, ಕಣ್ಣು ಮುಚ್ಚಿ ಕೆನ್ನೆಯನ್ನು ಸ್ಟಾಕಿಗೆ ಒರಗಿಸಿ ಕಣ್ಣು ತೆರೆಯಿರಿ. ಅಂಚಿನಲ್ಲಿ ಕಪ್ಪು ನೆರಳಿಲ್ಲದೆ ಪೂರ್ತಿ ಚಿತ್ರ ಕಾಣಬೇಕು. ಹೆಚ್ಚಿನ ಸ್ಕೋಪುಗಳಲ್ಲಿ ಇದು 9 ಸೆಂ.ಮೀ. ಆಸುಪಾಸು. ಕತ್ತು ಚಾಚಬೇಕಾಗಿ ಬಂದರೆ ಸ್ಕೋಪನ್ನು ಸರಿಸಿ, ಕತ್ತನ್ನಲ್ಲ. ಎರಡು, ರೆಟಿಕಲ್ ನೆಟ್ಟಗಿರುವುದು. ದೂರದಲ್ಲಿ ತೂಕ ಕಟ್ಟಿ ಇಳಿಬಿಟ್ಟ ದಾರವೊಂದನ್ನು ನೇತುಹಾಕಿ, ರೈಫಲ್ಲನ್ನು ರೇಲಿನ ಮೇಲೆ ಲೆವೆಲ್ ಇಟ್ಟು ಸಮ ಮಾಡಿ, ರೆಟಿಕಲ್ಲಿನ ಲಂಬ ಗೆರೆ ದಾರದ ಮೇಲೆ ಕೂರುವಂತೆ ಸ್ಕೋಪನ್ನು ಹೊರಳಿಸಿ. ಮೂರು ಡಿಗ್ರಿ ವಾಲಿದ್ದರೆ 100 ಮೀಟರಿನಲ್ಲಿ ಗೊತ್ತೇ ಆಗುವುದಿಲ್ಲ. 1000 ಮೀಟರಿಗೆ 10 ಮಿಲ್ (ಒಂದು ಮಿಲ್ ಅಂದರೆ 100 ಮೀಟರಿನಲ್ಲಿ 10 ಸೆಂ.ಮೀ.) ಏರಿಸಿದಾಗ ಅದೇ ಮೂರು ಡಿಗ್ರಿ ಗುಂಡನ್ನು ಅರ್ಧ ಮೀಟರ್ ಪಕ್ಕಕ್ಕೆ ಒಯ್ಯುತ್ತದೆ, ಹೊಡೆದವರು ಗಾಳಿಯನ್ನು ದೂರುತ್ತಾರೆ.

ಕೊನೆಗೆ ಎಲ್ಲ ಸ್ಕ್ರೂಗಳ ತಲೆಯ ಮೇಲಿಂದ ಮೌಂಟಿನವರೆಗೆ ಪೇಂಟ್ ಪೆನ್ನಿನಲ್ಲಿ ಒಂದು ಸಣ್ಣ ಗೆರೆ ಎಳೆಯಿರಿ. ರೇಂಜಿನಲ್ಲಿ ಸ್ಕ್ರೂ ಅಲುಗಾಡಿದರೆ ಗೆರೆ ಮುರಿದದ್ದು ಕಣ್ಣಿಗೆ ಬೀಳುತ್ತದೆ.

ಐಪೀಸಿನ ಫೋಕಸ್ ಕೂಡ ಇಲ್ಲೇ ಮುಗಿಸಿ. ಬಿಳಿ ಗೋಡೆಯ ಕಡೆ ತಿರುಗಿಸಿ, ಎರಡು ಸೆಕೆಂಡಿಗಿಂತ ಹೆಚ್ಚು ನೋಡದೆ, ನೋಡಿದ ಕೂಡಲೇ ರೆಟಿಕಲ್ ಚೂಪಾಗಿ ಕಾಣುವವರೆಗೆ ತಿರುಗಿಸಿ. ತುಂಬ ಹೊತ್ತು ನೋಡಿದರೆ ಕಣ್ಣೇ ಹೊಂದಿಕೊಂಡು ಮೋಸ ಮಾಡುತ್ತದೆ.

ಜೊತೆಗೆ ಏನೇನು ಇರಬೇಕು

ಎರಡು ಅಥವಾ ಮೂರು ಬಗೆಯ ಮ್ಯಾಚ್ (ಸ್ಪರ್ಧೆಗಾಗಿ ಮಾಡಿದ) ಕಾಡತೂಸು, ಪ್ರತಿಯೊಂದೂ ಒಂದೇ ಲಾಟಿನದು (ಒಂದೇ ಸಲ ತಯಾರಾದದ್ದು), ತಲಾ ಕನಿಷ್ಠ 20. ಒಟ್ಟು 60ರಿಂದ 80 ರೌಂಡ್ ಸಾಕು. ಅಂಗಡಿಯಲ್ಲಿ ಸಿಕ್ಕ ಅತಿ ಅಗ್ಗದ ಗುಂಡು ಹಾಕಿ ರೈಫಲ್ಲಿನ ಬಗ್ಗೆ ತೀರ್ಪು ಕೊಡುವುದು ನ್ಯಾಯವಲ್ಲ. ಗುಂಡಿನ ತೂಕ ಬ್ಯಾರೆಲ್ಲಿನ ಒಳಗಿನ ಸುರುಳಿ ತೋಡುಗಳ ತಿರುವಿಗೆ ಹೊಂದಬೇಕು. 6.5 ಕ್ರೀಡ್‌ಮೋರ್‌ನ 8 ಇಂಚಿಗೆ ಒಂದು ಸುತ್ತಿನ ತಿರುವು 140ರಿಂದ 147 ಗ್ರೇನಿನ (ಗ್ರೇನ್ ಗುಂಡಿನ ತೂಕದ ಅಳತೆ) ಗುಂಡುಗಳಿಗಾಗಿಯೇ ಇರುವುದು. .308ಕ್ಕೆ 10ರಿಂದ 12 ಇಂಚಿನ ತಿರುವಿನಲ್ಲಿ 168 ಗ್ರೇನಿನಿಂದ ಶುರು ಮಾಡಬಹುದು. 12 ಇಂಚಿನ ತಿರುವಿರುವ .223ಯಲ್ಲಿ 77 ಗ್ರೇನಿನ ಉದ್ದ ಗುಂಡು ಸ್ಥಿರವಾಗಿ ಹಾರುವುದಿಲ್ಲ, ಕಾಗದದ ಮೇಲೆ ದುಂಡು ತೂತಿನ ಬದಲು ಉದ್ದುದ್ದ ತೂತು ಬೀಳುತ್ತದೆ.

ಉಳಿದಂತೆ ಟಾರ್ಕ್ ರೆಂಚ್, ಬೈಪಾಡ್, ಮರಳು ಅಥವಾ ಭಾರದ ಕಾಳು ತುಂಬಿದ ಹಿಂಬದಿ ಚೀಲ, ಕ್ಲೀನಿಂಗ್ ರಾಡ್, ಅಳತೆ ಪಟ್ಟಿ, ನೋಟ್‌ಬುಕ್, ಚೇಂಬರ್ ಫ್ಲ್ಯಾಗ್ (ಚೇಂಬರ್ ಖಾಲಿಯೆಂದು ತೋರಿಸುವ ಗುರುತು), ಸಿಕ್ಕಿದರೆ ಕ್ರೋನೊಗ್ರಾಫ್ (ಗುಂಡಿನ ವೇಗ ಅಳೆಯುವ ಉಪಕರಣ). ಕಣ್ಣಿಗೆ ಕನ್ನಡಕ. ಕಿವಿಗೆ ಒಂದರ ಬದಲು ಎರಡು ರಕ್ಷಣೆ: ಒಳಗೆ ಫೋಮ್ ಬಿರಡೆ, ಮೇಲೆ ಇಯರ್ ಮಫ್. ಒಂದೇ ಒಂದು ಸಲ ಕೇಳಿದರೂ ಹಾನಿಯಾಗಬಹುದಾದ ಮಿತಿ 140 ಡೆಸಿಬಲ್, ಸೆಂಟರ್‌ಫೈರ್ ರೈಫಲ್ ಅದನ್ನು ಸುಲಭವಾಗಿ ದಾಟುತ್ತದೆ. ಮಜಲ್ ಬ್ರೇಕ್ (ಒದೆತ ತಗ್ಗಿಸಲು ಮೂತಿಗೆ ಹಾಕುವ ತುಂಡು) ಇದ್ದರೆ ಸದ್ದು ಪಕ್ಕಕ್ಕೂ ಹಿಂದಕ್ಕೂ ಬಡಿಯುತ್ತದೆ. ಪಕ್ಕದ ಸಾಲಿನವರಿಗೆ ಮೊದಲೇ ಹೇಳಿ, ಸಾಧ್ಯವಾದರೆ ತುದಿಯ ಸಾಲು ಹಿಡಿಯಿರಿ.

ಮೊದಲ ಗುಂಡು

ಬೋಲ್ಟ್ ತೆಗೆದು ರೈಫಲ್ಲನ್ನು ಚೀಲಗಳ ಮೇಲೆ ಗಟ್ಟಿಯಾಗಿ ಕೂರಿಸಿ. 50 ಮೀಟರಿನ ಗುರಿಯ ನಡು ಬ್ಯಾರೆಲ್ಲಿನ ವೃತ್ತದ ನಡುವೆ ಬರುವಂತೆ ಹಿಂದಿನಿಂದ ನೋಡಿ. ರೈಫಲ್ ಅಲುಗಾಡದಂತೆ ಟರೆಟ್ ತಿರುಗಿಸಿ ರೆಟಿಕಲ್ಲನ್ನೂ ಅಲ್ಲಿಗೇ ತನ್ನಿ. ಇಷ್ಟು ಮಾಡಿದರೆ ಮೊದಲ ಗುಂಡು ಕಾಗದದ ಮೇಲೆ ಬೀಳುವುದು ಹೆಚ್ಚು ಕಡಿಮೆ ಖಚಿತ. ಸಾಧ್ಯವಾದಷ್ಟು ದೊಡ್ಡ ಕಾಗದವನ್ನೇ ಅಂಟಿಸಿ.

ಮೊದಲ ಮೂರು ರೌಂಡುಗಳನ್ನು ಒಂದೊಂದಾಗಿ ಹಾಕಿ. ಪ್ರತಿ ಸಲವೂ ಬೋಲ್ಟನ್ನು ನಿಧಾನವಾಗಿ ಎತ್ತಿ, ಕೈಗೆ ಬರುವ ಅನುಭವವನ್ನು ಗಮನಿಸಿ, ಕೇಸನ್ನು ಹೆಕ್ಕಿಕೊಂಡು ಬೆಳಕಿಗೆ ಹಿಡಿದು ನೋಡಿ. ಈ ಕೇಸ್ ಹೇಳುವಷ್ಟು ಸತ್ಯವನ್ನು ಗುರಿಯ ಕಾಗದವೂ ಹೇಳುವುದಿಲ್ಲ. ಪ್ರೈಮರಿನ (ಪಿನ್ ಬಡಿದಾಗ ಕಿಡಿ ಕೊಡುವ, ಕೇಸಿನ ತಳದ ಪುಟ್ಟ ಬಟ್ಟಲಿನ) ಅಂಚಿನ ದುಂಡು ಮಾಯವಾಗಿ ಪೂರ್ತಿ ಚಪ್ಪಟೆಯಾಗಿದೆಯೇ? ಪಿನ್ ಬಿದ್ದ ಗುಳಿಯ ಸುತ್ತ ದಿಣ್ಣೆಯೆದ್ದಿದೆಯೇ? ಕೇಸಿನ ತಳದಲ್ಲಿ ಇಜೆಕ್ಟರಿನ (ಖಾಲಿ ಕೇಸನ್ನು ಹೊರಗೆ ಚಿಮ್ಮಿಸುವ ಭಾಗದ) ಗುಂಡಗಿನ ಹೊಳೆಯುವ ಗುರುತು ಮೂಡಿದೆಯೇ? ಇವುಗಳ ಜೊತೆ ಬೋಲ್ಟ್ ಎತ್ತುವುದೂ ಬಿಗಿಯಾಗಿದ್ದರೆ ಒತ್ತಡ ಮಿತಿ ಮೀರಿದೆ. ಕಾರ್ಖಾನೆಯ ಕಾಡತೂಸಿನಲ್ಲೇ ಹೀಗಾದರೆ ಅವತ್ತಿನ ಕೆಲಸ ಅಲ್ಲಿಗೇ ನಿಲ್ಲಬೇಕು. ಚೇಂಬರ್ ಅಳತೆಯಲ್ಲೋ ಕಾಡತೂಸಿನಲ್ಲೋ ದೋಷವಿದೆ, ಇನ್ನೊಂದು ಹೊಡೆದು ನೋಡೋಣ ಎನ್ನುವ ಮಾತೇ ಇಲ್ಲ. ಪ್ರೈಮರಿನ ಸುತ್ತಲ ದಿಣ್ಣೆ ಒಂದೇ ಕಂಡು ಬೋಲ್ಟ್ ಹಗುರವಾಗಿ ಏಳುತ್ತಿದ್ದರೆ, ಅದು ಪಿನ್ನಿಗಿಂತ ಪಿನ್ನಿನ ತೂತು ದೊಡ್ಡದಿರುವ ಕಾರಣಕ್ಕೂ ಇರಬಹುದು. ಕೇಸಿನ ತಳದಿಂದ ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಉಂಗುರ ಕಂಡರೆ ಹೆಡ್‌ಸ್ಪೇಸ್ (ಚೇಂಬರಿನಲ್ಲಿ ಕಾಡತೂಸಿಗೆ ಬೋಲ್ಟಿನವರೆಗೆ ಸಿಗುವ ಜಾಗ) ಹೆಚ್ಚಿದೆಯೆಂಬ ಅನುಮಾನ ಬರಬೇಕು. ಕೇಸ್ ಅಲ್ಲಿ ಹಿಗ್ಗಿ ತೆಳುವಾಗಿದೆ, ಮುಂದೆ ಅಲ್ಲೇ ತುಂಡಾಗುತ್ತದೆ. ಗೇಜ್ ಹಾಕಿ ಅಳೆಸಿದ ಮೇಲೆಯೇ ಮುಂದಿನ ಹೊಡೆತ.

ಟ್ರಿಗರ್ ಒತ್ತಿದಾಗ ಬರೀ ಟಿಕ್ ಎಂದರೆ, ಮೂತಿ ಗುರಿಯ ಕಡೆಗೇ ಇರಲಿ, ಕನಿಷ್ಠ 30 ಸೆಕೆಂಡ್ ಕಾದು ಬೋಲ್ಟ್ ತೆರೆಯಿರಿ. ರೇಂಜಿನ ನಿಯಮ 60 ಎಂದರೆ 60. ಸದ್ದು ಎಂದಿಗಿಂತ ಮಂದವಾಗಿ ಬಂದರೆ, ಒದೆತ ಕಡಿಮೆ ಅನಿಸಿದರೆ, ಗುಂಡು ಬ್ಯಾರೆಲ್ಲಿನಲ್ಲೇ ಸಿಕ್ಕಿಕೊಂಡಿರಬಹುದು. ಬೋಲ್ಟ್ ತೆಗೆದು ಒಳಗೆ ಬೆಳಕು ಕಾಣುವವರೆಗೆ ಇನ್ನೊಂದು ರೌಂಡ್ ಹಾಕಬಾರದು.

ಭಂಗಿ

ಮಲಗಿ ಹೊಡೆಯಲು ಜಾಗವಿದ್ದರೆ ಅದೇ ಉತ್ತಮ. ಬೆನ್ನೆಲುಬು ಬ್ಯಾರೆಲ್ಲಿನ ಗೆರೆಯ ನೇರಕ್ಕೆ ಬರುವಂತೆ ರೈಫಲ್ಲಿನ ಹಿಂದೆ ಮಲಗಿ. ಓರೆಯಾಗಿ ಮಲಗಿದರೆ ಒದೆತಕ್ಕೆ ರೈಫಲ್ ಒಂದು ಪಕ್ಕಕ್ಕೆ ಹಾರುತ್ತದೆ. ಹಿಂಬದಿ ಚೀಲವನ್ನು ಹಿಂಡಿ ಎತ್ತರ ಹೊಂದಿಸಿ. ಗುರಿಯ ಮೇಲೆ ರೆಟಿಕಲ್ ಇಟ್ಟು, ಕಣ್ಣು ಮುಚ್ಚಿ ಎರಡು ಸಲ ಉಸಿರಾಡಿ ಕಣ್ಣು ತೆರೆಯಿರಿ. ರೆಟಿಕಲ್ ಸರಿದಿದ್ದರೆ ಕೈಯಿಂದ ತಳ್ಳಿ ಸರಿಪಡಿಸದೆ ಇಡೀ ಮೈಯನ್ನು ಸರಿಸಿ. ಉಸಿರು ಬಿಟ್ಟು ಮುಗಿದ ಸಹಜ ವಿರಾಮದಲ್ಲಿ ಟ್ರಿಗರನ್ನು ನೇರ ಹಿಂದಕ್ಕೆ ಒತ್ತಿ, ಗುಂಡು ಹೋದ ಮೇಲೂ ಒಂದು ಕ್ಷಣ ಒತ್ತಿಯೇ ಹಿಡಿದಿರಿ. ಒದೆತದ ನಂತರ ರೆಟಿಕಲ್ ಮತ್ತೆ ಗುರಿಯ ಹತ್ತಿರವೇ ಬಂದು ನಿಂತರೆ ಭಂಗಿ ಸರಿಯಿದೆ. ಗಟ್ಟಿ ಸಿಮೆಂಟ್ ನೆಲದಲ್ಲಿ ಬೈಪಾಡ್ ಕಾಲು ಪುಟಿಯುತ್ತದೆ, ಕೆಳಗೊಂದು ರಬ್ಬರ್ ಮ್ಯಾಟ್ ಹಾಸಿ.

ಪ್ಯಾರಲಾಕ್ಸ್ ಗುಂಡಿಯ ಮೇಲಿನ ಅಂಕಿಯನ್ನು ನಂಬಬೇಡಿ. ತಲೆಯನ್ನು ಮೇಲೆ ಕೆಳಗೆ ಸ್ವಲ್ಪ ಅಲುಗಾಡಿಸಿದಾಗ ರೆಟಿಕಲ್ ಗುರಿಯ ಮೇಲೆ ಈಜಾಡದೆ ಅಂಟಿಕೊಂಡಂತೆ ಇರುವ ಜಾಗವೇ ಸರಿಯಾದ ಜಾಗ.

ಝೀರೋ ಮಾಡುವಾಗ

ಝೀರೋ ಅಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಸ್ಕೋಪನ್ನು ಹೊಂದಿಸುವುದು. 50 ಮೀಟರಿನಲ್ಲಿ ಒಂದೆರಡು ಗುಂಡಿನಿಂದ ಒರಟು ತಿದ್ದುಪಡಿ ಮಾಡಿ 100ಕ್ಕೆ ಹೋಗಿ. 100 ಮೀಟರಿನಲ್ಲಿ 0.1 ಮಿಲ್ ಟರೆಟಿನ ಒಂದು ಕ್ಲಿಕ್ ಅಂದರೆ 1 ಸೆಂ.ಮೀ.; ಕಾಲು ಎಂಒಎ (ಎಂಒಎ ಅಂದರೆ ಡಿಗ್ರಿಯ ಅರವತ್ತರಲ್ಲೊಂದು ಭಾಗ) ಟರೆಟಿನಲ್ಲಿ ಒಂದು ಕ್ಲಿಕ್ 7.3 ಮಿ.ಮೀ. ಎಷ್ಟು ತಪ್ಪಿದೆಯೆಂದು ರೆಟಿಕಲ್ಲಿನ ಗೀಟುಗಳಲ್ಲೇ ಅಳೆದು ಅಷ್ಟೇ ತಿರುಗಿಸಿ, ಸೆಂಟಿಮೀಟರಿಗೆ ಪರಿವರ್ತಿಸುವ ಗೊಡವೆಯೇ ಬೇಡ. ಪ್ರತಿ ಗುಂಡಿನ ಹಿಂದೆ ಬಿದ್ದು ಕ್ಲಿಕ್ ಮಾಡುತ್ತ ಹೋದರೆ ಝೀರೋ ಎಂದಿಗೂ ನಿಲ್ಲುವುದಿಲ್ಲ. ಮೂರು ಹೊಡೆದು ಒಂದು ಒರಟು ತಿದ್ದುಪಡಿ, ನಂತರ ಏನೂ ಮುಟ್ಟದೆ ಹತ್ತು ಹೊಡೆದು, ಆ ಹತ್ತರ ನಡುವನ್ನು ಲೆಕ್ಕ ಹಾಕಿ ಕೊನೆಯ ತಿದ್ದುಪಡಿ.

ಹತ್ತೇ ಏಕೆ ಎಂಬುದಕ್ಕೆ ಲೆಕ್ಕವಿದೆ. ಒಂದೇ ರೈಫಲ್, ಒಂದೇ ಗುಂಡು, ಒಬ್ಬರೇ ಹೊಡೆಯುವವರು ಇದ್ದರೂ, ಗ್ರೂಪಿನಲ್ಲಿ ಗುಂಡುಗಳ ಸಂಖ್ಯೆ ಹೆಚ್ಚಿದಂತೆ ಅಗಲವೂ ಹೆಚ್ಚುತ್ತದೆ. ಸರಾಸರಿ ಲೆಕ್ಕದಲ್ಲಿ ಐದರ ಗ್ರೂಪ್ ಮೂರರ ಗ್ರೂಪಿಗಿಂತ ಸುಮಾರು 1.3 ಪಟ್ಟು, ಹತ್ತರದು ಸುಮಾರು 1.6 ಪಟ್ಟು ಅಗಲ. ಮೂರರ ಗ್ರೂಪುಗಳು ಸರಾಸರಿ 0.6 ಎಂಒಎ ಕೊಡುವ ರೈಫಲ್ ಹತ್ತರಲ್ಲಿ 0.95 ಕೊಟ್ಟರೆ ಅದು ಕೆಟ್ಟಿಲ್ಲ, ನಿಜ ಹೇಳುತ್ತಿದೆ ಅಷ್ಟೇ. ಮೂರರ ಒಂದು ಗ್ರೂಪಿನ ಫೋಟೋ ಇಟ್ಟುಕೊಂಡು ಅರ್ಧ ಎಂಒಎ ರೈಫಲ್ ಎಂದು ಹೇಳಿಕೊಳ್ಳುವುದರಿಂದ ಹೊಡೆಯುವವರಿಗೇ ನಷ್ಟ, ದೂರದ ಗುರಿ ತಪ್ಪಿದಾಗ ಕಾರಣ ಹೊಳೆಯುವುದಿಲ್ಲ.

ಅಳೆಯುವುದು ಹೀಗೆ: ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಗುಂಡಿನ ವ್ಯಾಸ ಕಳೆಯಿರಿ. 6.5ಕ್ಕೆ 6.7 ಮಿ.ಮೀ., .308ಕ್ಕೆ 7.8. ಹೊರ ಅಳತೆ 30.7 ಬಂದರೆ 6.5ರಲ್ಲಿ ಗ್ರೂಪ್ 24 ಮಿ.ಮೀ.; 100 ಮೀಟರಿನಲ್ಲಿ ಒಂದು ಎಂಒಎ ಅಂದರೆ 29.1 ಮಿ.ಮೀ., ಹಾಗಾಗಿ ಇದು 0.82 ಎಂಒಎ. ಹಾರಿಹೋದ ಗುಂಡು ಎಂದು ಒಂದನ್ನು ಬಿಟ್ಟು ಅಳೆಯುವ ಹಾಗಿಲ್ಲ, ಹೊಡೆದ ಕ್ಷಣದಲ್ಲೇ ತಪ್ಪಾಯಿತೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರೆ ಮಾತ್ರ ಬಿಡಬಹುದು.

ಹತ್ತು ಹೊಡೆದ ಮೇಲೆ ಬೋಲ್ಟ್ ತೆರೆದಿಟ್ಟು ಬ್ಯಾರೆಲ್ ತಣಿಯಲು ಬಿಡಿ. ಬ್ಯಾರೆಲ್ ಮೇಲೆ ಅಂಗೈ ಐದು ಸೆಕೆಂಡ್ ಇಡಲಾಗದಿದ್ದರೆ ಇನ್ನೂ ಕಾಯಬೇಕು. ಕಾದ ಬ್ಯಾರೆಲ್ಲಿನಿಂದ ಏಳುವ ಬಿಸಿಗಾಳಿ ಸ್ಕೋಪಿನ ಮುಂದೆ ಕುಣಿದು ಗುರಿಯನ್ನೇ ಸರಿಸಿ ತೋರಿಸುತ್ತದೆ.

ಗ್ರೂಪಿನ ಆಕಾರ ಏನು ಹೇಳುತ್ತದೆ

ಗಾತ್ರಕ್ಕಿಂತ ಆಕಾರವನ್ನು ಓದಲು ಕಲಿಯುವುದು ಮೊದಲ ದಿನದ ಅತ್ಯಂತ ಬೆಲೆಯುಳ್ಳ ಕೆಲಸ. ಐದು ಗುಂಡಿನ ಗ್ರೂಪಿನಲ್ಲಿ ಆಕಾರ ಆಕಸ್ಮಿಕವೂ ಆಗಿರಬಹುದು. ಎರಡು ಮೂರು ಗ್ರೂಪಿನಲ್ಲಿ ಅದೇ ಆಕಾರ ಮರುಕಳಿಸಿದರೆ ಕಾರಣ ಹುಡುಕಿ.

ಮೇಲೆ ಕೆಳಗೆ ಉದ್ದವಾಗಿ ಬಿದ್ದರೆ ಮೊದಲು ಹಿಂಬದಿ ಚೀಲ ಮತ್ತು ಬೈಪಾಡ್ ಮೇಲಿನ ಒತ್ತಡ ಒಂದೇ ತರಹ ಇದೆಯೇ ನೋಡಿ. ಒಮ್ಮೆ ಮುಂದಕ್ಕೆ ಒತ್ತಿ, ಇನ್ನೊಮ್ಮೆ ಸಡಿಲ ಬಿಟ್ಟರೆ ಹೀಗಾಗುತ್ತದೆ. ಗುಂಡಿನ ವೇಗದ ಏರಿಳಿತವನ್ನು 100 ಮೀಟರಿನಲ್ಲಿ ದೂರಬೇಡಿ, ಅಷ್ಟು ಹತ್ತಿರದಲ್ಲಿ ಅದರ ಪರಿಣಾಮ ತೀರಾ ಕಡಿಮೆ; 600 ದಾಟಿದ ಮೇಲೆ ಅದು ಕಾಡುತ್ತದೆ. ಅಡ್ಡಡ್ಡ ಚದುರಿದರೆ ಗಾಳಿ, ಟ್ರಿಗರನ್ನು ಓರೆಯಾಗಿ ಎಳೆಯುವುದು, ಕೆನ್ನೆಯಿಂದ ಸ್ಟಾಕನ್ನು ಪಕ್ಕಕ್ಕೆ ಒತ್ತುವುದು. ಬ್ಯಾರೆಲ್ ಕಾದಂತೆ ಗುಂಡುಗಳು ಒಂದೇ ದಿಕ್ಕಿಗೆ ನಡೆಯುತ್ತ ಹೋದರೆ ಬ್ಯಾರೆಲ್ ಎಲ್ಲೋ ಸ್ಟಾಕಿಗೆ ತಾಗುತ್ತಿದೆ, ಇಲ್ಲವೇ ಬ್ಯಾರೆಲ್ಲಿನ ಒಳಗಿನ ಬಿಗುವು ಹೊರಬರುತ್ತಿದೆ. ಕಾಗದದ ಪಟ್ಟಿ ಮತ್ತೆ ತೂರಿಸಿ ನೋಡಿದರೆ ಮೊದಲನೆಯದು ಹೌದೋ ಅಲ್ಲವೋ ತಿಳಿಯುತ್ತದೆ.

ಎರಡು ಪುಟ್ಟ ಗ್ರೂಪ್ ಅಕ್ಕಪಕ್ಕ ಬಿದ್ದರೆ ಅದು ಹೊಡೆಯುವವರ ತಪ್ಪಾಗಿರುವುದು ಕಡಿಮೆ. ಯಾವುದೋ ಒಂದು ಭಾಗ ಎರಡು ಜಾಗಗಳ ನಡುವೆ ಓಡಾಡುತ್ತಿದೆ: ಸಡಿಲ ಆ್ಯಕ್ಷನ್ ಸ್ಕ್ರೂ, ರೇಲಿನಲ್ಲಿ ಜಾರುವ ಮೌಂಟ್, ಸ್ಕೋಪಿನ ಒಳಗಿನ ಭಾಗ, ಅಥವಾ ಸರಿಯಾಗಿ ಹೊಂದಿಸದ ಪ್ಯಾರಲಾಕ್ಸ್. ಪೇಂಟ್ ಗೆರೆಗಳನ್ನು ನೋಡಿ, ಟಾರ್ಕ್ ರೆಂಚ್ ಹಾಕಿ, ಆಮೇಲೆ ಬೇರೆ ನಂಬಿಕಸ್ಥ ಸ್ಕೋಪ್ ಹಾಕಿ ಹೊಡೆದು ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಸ್ಕೋಪ್, ಗುಂಡು, ಭಂಗಿ ಮೂರನ್ನೂ ಒಟ್ಟಿಗೆ ಬದಲಿಸಿದರೆ ಗ್ರೂಪ್ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ಹೇಳಲಾಗುವುದಿಲ್ಲ.

ಸ್ಕೋಪ್ ಹೇಳಿದಷ್ಟು ಸರಿಯುತ್ತದೆಯೇ

ಒಂದು ಮೀಟರಿಗಿಂತ ಎತ್ತರದ ರಟ್ಟಿನ ಮೇಲೆ, ತೂಕದ ದಾರ ಇಳಿಬಿಟ್ಟು ಲಂಬ ಗೆರೆ ಎಳೆಯಿರಿ, ಕೆಳತುದಿಯಲ್ಲಿ ಗುರಿ ಬಿಂದು. ಅಳತೆಪಟ್ಟಿಯಿಂದ ಅಥವಾ ರೇಂಜ್‌ಫೈಂಡರಿನಿಂದ ದೂರ ಸರಿಯಾಗಿ 100 ಮೀಟರ್ ಎಂದು ಖಚಿತಪಡಿಸಿಕೊಳ್ಳಿ. 100 ಗಜ ಆಗಿದ್ದರೆ ಲೆಕ್ಕವೇ ಶೇ 9ರಷ್ಟು ತಪ್ಪುತ್ತದೆ. ಝೀರೋದಲ್ಲಿ ಮೂರು ಹೊಡೆಯಿರಿ. 10 ಮಿಲ್ ಏರಿಸಿ, ಅದೇ ಬಿಂದುವಿಗೆ ಗುರಿಯಿಟ್ಟು ಮೂರು ಹೊಡೆಯಿರಿ. ಎರಡು ಗ್ರೂಪುಗಳ ನಡುವಿನ ಅಂತರ 100 ಸೆಂ.ಮೀ. ಇರಬೇಕು. 98 ಬಂದರೆ ಸ್ಕೋಪ್ ಶೇ 2ರಷ್ಟು ಕಡಿಮೆ ಸರಿಯುತ್ತಿದೆ, ಅದನ್ನು ಗುಂಡಿನ ಹಾದಿ ಲೆಕ್ಕ ಹಾಕುವ ಬ್ಯಾಲಿಸ್ಟಿಕ್ ಆ್ಯಪಿಗೆ ಕೊಟ್ಟರೆ ಸರಿಹೋಗುತ್ತದೆ. ಮೇಲಿನ ಗ್ರೂಪ್ ಲಂಬ ಗೆರೆಯಿಂದ ಪಕ್ಕಕ್ಕೆ ಬಿದ್ದಿದ್ದರೆ ರೆಟಿಕಲ್ ವಾಲಿದೆ. ಮತ್ತೆ ಝೀರೋಗೆ ಇಳಿಸಿ ಎರಡು ಹೊಡೆಯಿರಿ, ಮೊದಲ ಗ್ರೂಪಿನ ಒಳಗೇ ಬೀಳಬೇಕು. ಝೀರೋಗೆ ಮರಳದ ಸ್ಕೋಪನ್ನು ಯಾವ ಆ್ಯಪೂ ಸರಿಪಡಿಸಲಾರದು, ಅದನ್ನು ಬದಲಿಸಿಕೊಳ್ಳಿ.

ಕ್ರೋನೊಗ್ರಾಫ್ ಇದ್ದರೆ ಹತ್ತು ಗುಂಡುಗಳ ವೇಗ ಬರೆದಿಟ್ಟುಕೊಳ್ಳಿ, ಆದರೆ ಅದರ ಮೇಲೆ ಯಾವ ದೂರಕ್ಕೆ ಎಷ್ಟು ಏರಿಸಬೇಕೆಂಬ ಪಟ್ಟಿ ಕಟ್ಟಲು ಕೂರಬೇಡಿ. ಹೊಸ ಬ್ಯಾರೆಲ್ ಮೊದಲ 100ರಿಂದ 200 ರೌಂಡುಗಳಲ್ಲಿ ನಿಧಾನವಾಗಿ ವೇಗ ಹೆಚ್ಚಿಸಿಕೊಳ್ಳುವುದು ಸಾಮಾನ್ಯ.

ಬೋಲ್ಟ್ ಮತ್ತು ಮ್ಯಾಗಜೀನ್

ಗ್ರೂಪ್ ಕೆಲಸ ಮುಗಿದ ಮೇಲೆ ಉಳಿದ ರೌಂಡುಗಳನ್ನು ಮ್ಯಾಗಜೀನಿನಿಂದ ಹೊಡೆಯಿರಿ. ಪೂರ್ತಿ ತುಂಬಿದ ಮ್ಯಾಗಜೀನ್, ಬೋಲ್ಟ್ ಮುಚ್ಚಿದ ಸ್ಥಿತಿಯಲ್ಲೂ ಕ್ಲಿಕ್ಕೆಂದು ಕೂರುತ್ತದೆಯೇ ನೋಡಿ. ಆಮೇಲೆ ಒಮ್ಮೆ ನಿಧಾನವಾಗಿ, ಒಮ್ಮೆ ಬಿರುಸಾಗಿ ಬೋಲ್ಟ್ ಓಡಿಸಿ. ತೀರಾ ನಿಧಾನವಾಗಿ ಎಳೆದಾಗ ಕೇಸ್ ಹೊರಗೆ ಹಾರದೆ ಅಲ್ಲೇ ಬಿದ್ದರೆ ಇಜೆಕ್ಟರ್ ಸ್ಪ್ರಿಂಗ್ ಅಥವಾ ಕೇಸನ್ನು ಹಿಡಿದೆಳೆಯುವ ಎಕ್ಸ್‌ಟ್ರ್ಯಾಕ್ಟರ್ ನೋಡಬೇಕು. ಗುಂಡಿನ ಮೂತಿ ಚೇಂಬರಿನ ಕೆಳ ಅಂಚಿಗೆ ಬಡಿದು ನಿಂತರೆ ಮ್ಯಾಗಜೀನ್ ತೀರಾ ಕೆಳಗೆ ಕೂತಿದೆ, ಅಥವಾ ಅದರ ತುಟಿಗಳು ಬಾಗಿವೆ. ಇನ್ನೊಂದು ಮ್ಯಾಗಜೀನ್ ಹಾಕಿದರೆ ತಪ್ಪು ಯಾರದೆಂದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಬೋಲ್ಟ್ ಮುಂದೆ ಹೋಗುತ್ತದೆ, ಚೇಂಬರ್ ಖಾಲಿಯೇ ಇರುತ್ತದೆ ಎಂದಾದರೆ ಹೆಚ್ಚಿನ ಸಲ ಕೈ ಬೋಲ್ಟನ್ನು ಪೂರ್ತಿ ಹಿಂದಕ್ಕೆ ಎಳೆದಿರುವುದಿಲ್ಲ.

ಹೊಸ ಬೋಲ್ಟ್ ಸ್ವಲ್ಪ ಬಿಗಿ ಇರುವುದು ದೋಷವಲ್ಲ. ಹಿಡಿಯನ್ನು ಮೇಲಕ್ಕೆತ್ತುವಾಗಲೇ ಪಿನ್ನಿನ ಸ್ಪ್ರಿಂಗ್ ಅದುಮಿಕೊಳ್ಳುವುದರಿಂದ, ಅದರಲ್ಲೂ ಮೂರು ಲಗ್ಗಿನ, 60 ಡಿಗ್ರಿ ಮಾತ್ರ ತಿರುಗುವ ಬೋಲ್ಟುಗಳಲ್ಲಿ, ಅಷ್ಟೇ ಕೆಲಸ ಕಡಿಮೆ ತಿರುವಿನಲ್ಲಿ ಆಗಬೇಕಾಗಿ ಹೆಚ್ಚು ಬಲ ಬೇಕು. ಖಾಲಿ ಇದ್ದಾಗಲೂ ಗುಂಡು ಹಾರಿದ ಮೇಲೂ ಒಂದೇ ಬಿಗಿಯಿದ್ದರೆ ಚಿಂತೆಯಿಲ್ಲ, ನೂರಿನ್ನೂರು ಸಲ ಓಡಿಸಿದ ಮೇಲೆ ಹದಕ್ಕೆ ಬರುತ್ತದೆ. ಗುಂಡು ಹಾರಿದ ಮೇಲೆ ಮಾತ್ರ ಬಿಗಿಯಾದರೆ ಅದು ಒತ್ತಡದ ಮಾತು, ಕೇಸುಗಳನ್ನು ಮತ್ತೆ ನೋಡಿ.

ಬ್ಯಾರೆಲ್ ಪಳಗಿಸುವ ಬಗ್ಗೆ, ಒಂದು ಹೊಡೆ ಒಂದು ಸಲ ಒರೆಸು ಎನ್ನುವ ವಿಧಿಗೆ ಇಡೀ ದಿನ ಮೀಸಲಿಡುವುದು ಬೇಡ. ಹೊಡೆದು ಮುಗಿದ ಮೇಲೆ ತಾಮ್ರ ಕರಗಿಸುವ ಸಾಲ್ವೆಂಟ್ ಹಾಕಿ, ಬಟ್ಟೆ ಗಾಢ ನೀಲಿಯಾಗಿ ಬರುತ್ತಿದ್ದರೆ ಬ್ಯಾರೆಲ್ ಇನ್ನೂ ಒರಟು. ಮೊದಲ ಕೆಲವು ದಿನ ಹತ್ತಿಪ್ಪತ್ತು ರೌಂಡಿಗೊಮ್ಮೆ ಒರೆಸಿದರೆ ಸಾಕು.

ಹೊರಡುವ ಮುಂಚೆ

ಮತ್ತೊಮ್ಮೆ ಎಲ್ಲ ಸ್ಕ್ರೂಗಳಿಗೆ ಟಾರ್ಕ್ ರೆಂಚ್ ಹಾಕಿ. ನೋಟ್‌ಬುಕ್ಕಿನಲ್ಲಿ ಲಾಟ್ ಸಂಖ್ಯೆ, ಉಷ್ಣಾಂಶ, ಒಟ್ಟು ಹೊಡೆದ ರೌಂಡ್, ಪ್ರತಿ ಗ್ರೂಪಿನ ಅಳತೆ ಮತ್ತು ಆಕಾರ ಬರೆಯಿರಿ. ಗುರಿಯ ಕಾಗದಗಳ ಮೇಲೂ ಕ್ರಮಸಂಖ್ಯೆ ಹಾಕಿ ತನ್ನಿ, ಮೊದಲ ಮೂರು ಕೇಸುಗಳನ್ನೂ ಒಂದು ಲಕೋಟೆಯಲ್ಲಿ ಹಾಕಿಡಿ. ಮುಂದಿನ ಸಲ ಹೋದಾಗ ತಣ್ಣನೆ ಬ್ಯಾರೆಲ್ಲಿನ ಮೊದಲ ಗುಂಡಿಗೆ ಪ್ರತ್ಯೇಕ ಕಾಗದ ಇರಲಿ. ಅದು ಪ್ರತಿ ಸಲವೂ ಒಂದೇ ಕಡೆ ತಪ್ಪಿ ಬೀಳುತ್ತಿದ್ದರೆ ಆ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

ಸ್ಕ್ರೂಗಳು ಸರಿಯಿವೆ, ಸ್ಕೋಪ್ ಬದಲಿಸಿಯೂ ಆಯಿತು, ಮೂರು ಬಗೆಯ ಮ್ಯಾಚ್ ಗುಂಡು ಹೊಡೆದದ್ದಾಯಿತು, ಅನುಭವಸ್ಥರೊಬ್ಬರು ಅದೇ ರೈಫಲ್ಲಿನಲ್ಲಿ ಹೊಡೆದೂ ನೋಡಿದರು, ಆದರೂ ಹತ್ತರ ಗ್ರೂಪ್ ತಯಾರಕರ ಭರವಸೆಯ ಹತ್ತಿರಕ್ಕೂ ಬರುತ್ತಿಲ್ಲವೆಂದರೆ, ಆಗ ರೈಫಲ್ ವಾಪಸ್ ಕಳಿಸುವ ಮಾತು. ಆ ಭರವಸೆ ಎಷ್ಟು ಗುಂಡಿನ ಗ್ರೂಪಿಗೆ, ಯಾವ ಕಾಡತೂಸಿಗೆ, ಎಷ್ಟು ದೂರಕ್ಕೆ ಎಂದು ವಾರಂಟಿ ಚೀಟಿಯಲ್ಲಿ ಓದಿಕೊಳ್ಳಿ. ದೂರಿನ ಜೊತೆ ಕ್ರಮಸಂಖ್ಯೆ ಹಾಕಿದ ಆ ಕಾಗದಗಳನ್ನೂ ಕೇಸುಗಳನ್ನೂ ಟಾರ್ಕ್ ಅಂಕಿಗಳನ್ನೂ ಕಳಿಸಿದರೆ, ಸ್ಕ್ರೂ ಬಿಗಿದು ನೋಡಿ ಎಂಬ ಉತ್ತರಕ್ಕೆ ಕಾಯುವ ವಾರಗಳು ಉಳಿಯುತ್ತವೆ.